ಬತ್ತಾಸು ಬರೆದುಕೊಂಡ ಮಾಸ್ತರರು

ಒಂದು ತುಣುಕು ಬೆಲ್ಲ ತಿನ್ನಲು ಅವರಿಗೆ ಶಾಲೆಯಿಂದ ಊರ ಬಾವಿಯವರೆಗಿನ ದಾರಿ ಪೂರ್ತಿ ಬೇಕಾಗುತ್ತಿತ್ತು. ಅಗಿಯುತ್ತಿರಲಿಲ್ಲ. ಬಲಗೆನ್ನೆಯಲ್ಲಿ ಇಟ್ಟುಕೊಂಡು ಹೊರಡುವರು, ಊರ ಅಗಸಿ ಬಾಗಿಲು ದಾಟುವಾಗ ಎಡಗೆನ್ನೆಗೆ ಬದಲಿಸುವರು. ಆ ಹೊತ್ತಿನಲ್ಲಿ ಊರ ಗೌಡರೇ ಎದುರಾದರೂ ಕೈ ಎತ್ತಿ ನಮಸ್ಕರಿಸುವರೇ ಹೊರತು ಬಾಯಿ ತೆರೆಯುತ್ತಿರಲಿಲ್ಲ. ಬಾವಿಗೆ ಬಂದು ಒಂದು ತಂಬಿಗೆ ನೀರು ಸೇದಿ ಕುಡಿದು, ಮೀಸೆ ಒರೆಸಿಕೊಂಡು, "ಆತು, ಈಗ ಮಾತಾಡ್ರಿ," ಎನ್ನುವರು.

ಹೋದ ತಿಂಗಳು ಅವರು ತೀರಿಕೊಂಡರು. ಆಳಂದದಲ್ಲಿ ಒಂದು ಸಭೆ ಮಾಡಿದರು. ಮಾತನಾಡಿದವರೆಲ್ಲ, ನಲವತ್ತೇಳರಲ್ಲಿ ನಿಜಾಮರ ನೆಲದ ಒಂದು ಹಳ್ಳಿಯಲ್ಲಿ ಬಾವುಟ ಏರಿಸಿ ಜೈಲಿಗೆ ಹೋದ ಧೀರ ಎಂದು ಅವರನ್ನು ಹೊಗಳಿದರು. ಜೈಲಿಗೆ ಹೋದದ್ದು ನಿಜ. ಬಾವುಟ ಏರಿಸಿದವರು ಅವರಲ್ಲ. ನಾನು ಮೂರನೆಯ ಸಾಲಿನಲ್ಲಿ ಕುಳಿತು ಕೇಳಿದೆ. ಸಭೆ ಮುಗಿಸಿ ಮನೆಗೆ ಬಂದ ಮೇಲೆ ಇದನ್ನು ಬರೆಯಲು ಕುಳಿತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ಯಾಕೆಂಬುದು ಓದುತ್ತ ಹೋದಂತೆ ತಿಳಿಯುತ್ತದೆ.

ಆಗ ನನಗೆ ಇಪ್ಪತ್ತೆರಡು, ಅವರಿಗೆ ನಲವತ್ತೈದರ ಆಸುಪಾಸು. ಆಳಂದ ತಾಲ್ಲೂಕಿನ ಆ ಹಳ್ಳಿಯ ಶಾಲೆಗೆ ನಾವಿಬ್ಬರೇ ಮಾಸ್ತರರು. ಅವರು ದೊಡ್ಡ ಮಾಸ್ತರ, ನಾನು ಸಣ್ಣ ಮಾಸ್ತರ. ಕಲಿಸುವುದು ಕನ್ನಡದಲ್ಲಿ, ಕಾಗದಪತ್ರವೆಲ್ಲ ಉರ್ದುವಿನಲ್ಲಿ. ಇಪ್ಪತ್ತೆಂಟು ಹುಡುಗರು. ಅವರ ಹೆಂಡತಿ ತೀರಿ ಹೋಗಿ ಹತ್ತು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಶಾಲೆಯ ಹಿಂದಿನ ಒಂದು ಖೋಲಿಯಲ್ಲಿ ಇರುತ್ತಿದ್ದರು. ಒಂದು ಟ್ರಂಕು, ಒಂದು ಒಲೆ, ಎರಡು ಧೋತರ, ಗೋಡೆಯ ಮೇಲೆ ಹಬ್ಬಿಸಿದ ಒಂದು ಹೀರೆಬಳ್ಳಿ.

ಹೀಗೆ ಹೇಳಿದರೆ ಓದುವವರಿಗೆ ಸಾಧು ಸ್ವಭಾವದ ಒಬ್ಬ ಸಂತ ಕಾಣಿಸಿಯಾನು. ಅವರು ಹಾಗಿರಲಿಲ್ಲ. ಜಗಳಗಂಟರು. ತಮ್ಮ ಸುಖದ ಕೂದಲೆಳೆಯಷ್ಟನ್ನೂ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಒಗೆದ ಧೋತರವನ್ನು ಬಿಸಿಲಿನಲ್ಲಿ ಹರವಿ, ಇನ್ನೂ ಬೆಚ್ಚಗಿರುವಾಗಲೇ ಉಟ್ಟುಕೊಂಡು, ಶಾಲೆಯ ಕಟ್ಟೆಯ ಮೇಲೆ ಐದು ನಿಮಿಷ ಸುಮ್ಮನೆ ಕೂರುವರು. ಆ ಐದು ನಿಮಿಷ ಗಂಟೆ ಬಾರಿಸುವ ಹಾಗಿಲ್ಲ. ಒಮ್ಮೆ ನಾನು ಬಾರಿಸಿದೆ.

"ಸಣ್ಣ ಮಾಸ್ತರ, ಬೆಂಕಿ ಬಿದ್ದದೇನ್ರಿ?"

"ಇಲ್ರಿ, ಹೊತ್ತಾತಲ್ರಿ."

"ಹೊತ್ತು ಆಗ್ಲಿ. ಧೋತರ ತಣ್ಣಗಾದ್ರ ಮತ್ತ ನಾಳಿಗೇ ಬೆಚ್ಚಗಾಗೂದು. ನಿಮ್ಮ ಗಂಟಿ ದಿನಾ ಆರು ಸಲ ಆಗ್ತದ."

ಶಾಲೆಯ ಪಕ್ಕದ ಮನೆಯ ಮುದುಕಿಯೊಡನೆ ಅವರ ಜಗಳ ಪ್ರತಿದಿನದ್ದು. ಆಕೆ ಬಾಗಿಲಲ್ಲಿ ಕಂಡರೆ, "ಏನ್ ಮಾಡೀಯವ್ವ ಅಡಗಿ?" ಎಂದು ಕೇಳುವರು.

"ಏನೂ ಇಲ್ಲೋ ಯಪ್ಪಾ. ಬರೇ ರೊಟ್ಟಿ, ಶೇಂಗಾ ಹಿಂಡಿ."

"ಏನೂ ಇಲ್ಲ ಅಂತೀ, ರೊಟ್ಟಿ ಅಂತೀ, ಹಿಂಡಿನೂ ಅಂತೀ. ಮೂರರಾಗ ಯಾವುದು ಸುಳ್ಳು?"

"ನಿನ್ನ ಬಾಯಿಗಿ ಮಣ್ಣ ಹಾಕ. ಮಾತು ಹಿಡಿದು ಜಗ್ಗತೀಯಲ್ಲೋ."

"ಹಿಂಡ್ಯಾಗ ಬಳ್ಳೊಳ್ಳಿ ಹಾಕೀಯೋ ಇಲ್ಲೋ?"

"ಹಾಕೇನಿ."

"ಮತ್ತ ಬರೇ ಯಾಕಂತೀ? ಬಳ್ಳೊಳ್ಳಿಗೆ ಸಿಟ್ಟು ಬರ್ತದ."

ಮುದುಕಿ ಬೈಯುತ್ತಲೇ ಒಳಗೆ ಹೋಗಿ ಅರ್ಧ ರೊಟ್ಟಿಯ ಮೇಲೆ ಹಿಂಡಿ ಹಾಕಿಕೊಂಡು ಬಂದು ಕೊಡುವಳು. ಶಾಲೆಯಲ್ಲಿ ಕೂಡ 'ಬರೇ' ಎಂದು ಹೇಳಬಾರದಿತ್ತು. ಬರೇ ಅಂಬಲಿ ಕುಡಿದೆ ಎಂದ ಹುಡುಗನನ್ನು ಎದ್ದು ನಿಲ್ಲಿಸಿ, ಅಂಬಲಿ ಬಿಸಿ ಇತ್ತೇ, ಉಪ್ಪು ಇತ್ತೇ, ಮಜ್ಜಿಗೆ ಬೆರೆಸಿದ್ದರೇ ಎಂದು ಒಂದೊಂದಾಗಿ ಕೇಳಿ ಅವನ ಬಾಯಿಂದಲೇ ಅದು ಬರೇ ಅಂಬಲಿ ಆಗಿರಲಿಲ್ಲವೆಂದು ಹೊರಡಿಸುವರು.

ಈಗ ಹಾಜರಿಯ ವಿಷಯ ಹೇಳಬೇಕು.

ಸರ್ಕಾರದ ಹಾಜರಿ ರಿಜಿಸ್ಟರು ಉರ್ದುವಿನಲ್ಲಿತ್ತು, ಅದನ್ನು ತುಂಬುವುದು ನನ್ನ ಕೆಲಸ. ಅವರು ತಮ್ಮದೇ ಒಂದು ವಹಿ ಇಟ್ಟಿದ್ದರು. ಕೈಯಿಂದ ಹೊಲಿದ ದಪ್ಪ ವಹಿ. ಪ್ರತಿದಿನ ಒಂದು ಪುಟ, ಎಡಕ್ಕೆ ಇಪ್ಪತ್ತೆಂಟು ಹೆಸರು. ಹೆಸರು ಕೂಗಿದಾಗ ಹುಡುಗ 'ಹಾಜರ್' ಎನ್ನುವ ಬದಲು ಆ ದಿನ ಮುಂಜಾನೆ ಏನು ತಿಂದು ಬಂದನೋ ಅದನ್ನು ಹೇಳಬೇಕು. ರೊಟ್ಟಿ, ಪುಂಡಿಪಲ್ಲೆ. ತಂಗಳ ರೊಟ್ಟಿ, ಮೊಸರು. ಕಡ್ಲಿ ಉಸಳಿ. ಅವರು ಹೆಸರಿನ ಮುಂದೆ ಬರೆದುಕೊಳ್ಳುವರು. ಸುಳ್ಳು ಹೇಳಿದರೆ ಗೊತ್ತಾಗುತ್ತಿತ್ತು, ಯಾಕೆಂದರೆ ಮರುಪ್ರಶ್ನೆ ಬರುತ್ತಿತ್ತು: ಪುಂಡಿ ಹುಳಿ ಇತ್ತೋ, ಜೋಳದ ನುಚ್ಚು ಹಾಕಿದ್ದರೋ? ಏನೂ ತಿನ್ನದೆ ಬಂದವನ ಹೆಸರಿನ ಮುಂದೆ ಗೆರೆ ಖಾಲಿ ಬಿಡುವರು. ಮೊದಲ ಪಾಠ ಮುಗಿಯುವುದರೊಳಗೆ ಆ ಹುಡುಗ ಅವರ ಖೋಲಿಗೆ ಹೋಗಿ ಬಂದಿರುತ್ತಿದ್ದ. ಸಂಜೆಗೆ ನೋಡಿದರೆ ಆ ಗೆರೆಯೂ ತುಂಬಿರುತ್ತಿತ್ತು.

ನಾನು ಒಮ್ಮೆ ಕೇಳಿದೆ, ಇದೆಲ್ಲ ಯಾಕೆ ಎಂದು.

"ಹುಡುಗ ಬಂದಾನೋ ಇಲ್ಲೋ ಅಷ್ಟೇ ಸರ್ಕಾರಕ್ಕ ಬೇಕು," ಎಂದರು. "ಹೆಂಗ ಬಂದಾನ ಅನ್ನೂದು ನನಗ ಬೇಕು. ಮತ್ತ ಇನ್ನೊಂದು ಅದ. ದಿನಾ ಒಂದು ಸಲ ತನಗೇನು ಸಿಕ್ತು ಅಂತ ನೆನಸಿ ಹೇಳಿದವನ್ನ ಮುಂದ ಯಾರೂ ಸುಳ್ಳೇ ಹೆದರಸಾಕ ಬರಂಗಿಲ್ಲ."

ನನಗೆ ಆ ಮಾತು ಹಿಡಿಸಲಿಲ್ಲ. ಆ ದಿನಗಳಲ್ಲಿ ಊರೂರಲ್ಲಿ ನಿಜಾಮರ ಕಡೆಯವರ ಹಾವಳಿ. ಗಡಿಯ ಹಳ್ಳಿಗಳಿಂದ ಬಂಡಿ ಕಟ್ಟಿಕೊಂಡು ಜನ ಸೊಲ್ಲಾಪುರದ ಕಡೆ ಹೋಗುತ್ತಿದ್ದರು. ನಾನು ಕದ್ದು ಪತ್ರಿಕೆ ತರಿಸಿ ಓದುತ್ತಿದ್ದೆ. ಅವರು ಹೀರೆಕಾಯಿ ಎಷ್ಟು ಬೆಳೆಯಿತೆಂದು ಗೇಣು ಹಾಕಿ ನೋಡುತ್ತಿದ್ದರು. ಒಂದು ದಿನ ತಡೆಯಲಾರದೆ ಹೇಳಿಯೇಬಿಟ್ಟೆ:

"ನಾಡು ಹೊತ್ತಿ ಉರ್ಯಾಕತ್ತದ, ನೀವು ಹೀರೆಕಾಯಿ ನೋಡಾಕತ್ತೀರಿ."

ಅವರು ಕಾಯಿಯಿಂದ ಕೈ ತೆಗೆಯಲಿಲ್ಲ. "ಅವರಿಗೆ ಅದೇ ಬೇಕಾಗ್ಯದ, ಸಣ್ಣ ಮಾಸ್ತರ. ನಾವು ಉಣ್ಣೂದು, ನಗೂದು ಬಿಟ್ಟು ಇಪ್ಪತ್ನಾಕು ತಾಸು ಅವರನ್ನೇ ನೆನಸ್ಕೋತ ಕೂಡಬೇಕಂತ. ನಾ ಕೂಡಂಗಿಲ್ಲ. ಇವತ್ತ ಇದರ ಪಲ್ಲೆ ಮಾಡ್ತೇನಿ. ಬರೂದಿದ್ರ ಬರ್ರಿ."

ನಾನು ಹೋಗಲಿಲ್ಲ. ಅವರು ಹೊಟ್ಟೆಬಾಕರೆಂದು, ಹೇಡಿಯೆಂದು ಮನಸ್ಸಿನಲ್ಲಿ ತೀರ್ಮಾನಿಸಿದೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು.

ಆಗಸ್ಟಿನ ಹದಿನೈದು ಶುಕ್ರವಾರ ಬಂತು. ನಮ್ಮ ಕಡೆ ಶುಕ್ರವಾರವೇ ವಾರದ ಸೂಟಿ. ನಾನು ಹಿಂದಿನ ದಿನವೇ ಸೊಲ್ಲಾಪುರಕ್ಕೆ ಹೋಗಿದ್ದೆ. ಬೆಳಿಗ್ಗೆ ಅಲ್ಲಿಯ ಬೀದಿಗಳನ್ನು ನೋಡಿದೆ. ಸಂಜೆಯ ಹೊತ್ತಿಗೆ ಒಂದು ಚಿಕ್ಕ ಬಾವುಟವನ್ನು ಅಂಗಿಯ ಒಳಗೆ ಸುತ್ತಿಕೊಂಡು, ಒಂದು ಪುಡಿಕೆ ಬತ್ತಾಸು ಹಿಡಿದು, ಗಡಿ ದಾಟಿ ನಡೆದುಕೊಂಡು ಊರಿಗೆ ಬಂದೆ. ಹೀಗಾಗಿ ನಮ್ಮೂರಿಗೆ ಆ ಹಬ್ಬ ಒಂದು ದಿನ ತಡವಾಗಿ, ಶನಿವಾರ ಬಂತು.

ಶನಿವಾರ ಹೊತ್ತು ಹುಟ್ಟುವಾಗ ಹನ್ನೊಂದು ಹುಡುಗರನ್ನು ಕರೆದುಕೊಂಡು ಊರಾಚೆಯ ದಿನ್ನೆಗೆ ಹೋದೆ. ಬಿದಿರಿನ ಕೋಲಿಗೆ ಬಾವುಟ ಕಟ್ಟಿ ಕಲ್ಲುಗಳ ನಡುವೆ ನಿಲ್ಲಿಸಿದೆವು. ಎಲ್ಲರ ಕೈಗೂ ನಾಲ್ಕು ನಾಲ್ಕು ಬತ್ತಾಸು ಕೊಟ್ಟೆ. ದಿನ್ನೆಯ ವಿಷಯ ಯಾರಿಗೂ ಹೇಳಬಾರದು ಎಂದು ಆಣೆ ಹಾಕಿಸಿಕೊಂಡೆ. ಕಾಲು ತಾಸಿನಲ್ಲಿ ಬಾವುಟ ಇಳಿಸಿ, ಮಡಿಸಿ, ಬೇರೆ ಬೇರೆ ದಾರಿಯಿಂದ ಊರಿಗೆ ಬಂದೆವು. ದೂರದ ಹೊಲದಿಂದ ಒಬ್ಬರು ಅದನ್ನು ನೋಡಿದ್ದರೆಂದು ನಂತರ ಗೊತ್ತಾಯಿತು.

ಹುಡುಗರು ಆಣೆ ಮುರಿಯಲಿಲ್ಲ. ದಿನ್ನೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಆದರೆ ಹಾಜರಿಯ ಹೊತ್ತಿಗೆ ಮಾಸ್ತರರು ಹೆಸರು ಕೂಗಿದಾಗ ಮೊದಲನೆಯವನು ಎದ್ದು ನಿಂತು ದಿನದಂತೆ ನಿಜವನ್ನೇ ಹೇಳಿದ.

"ಬತ್ತಾಸು, ಮಾಸ್ತರ್ರ."

ನಾನು ಉರ್ದು ರಿಜಿಸ್ಟರಿನ ಮೇಲೆ ಬಾಗಿದ್ದೆ. ನನ್ನ ಕೈ ನಿಂತುಹೋಯಿತು. ಏನು ತಿಂದೆ ಎಂಬುದನ್ನು ಹೇಳಬಾರದೆಂದು ನಾನು ಆಣೆ ಹಾಕಿಸಿರಲಿಲ್ಲ. ಹೊಳೆದೇ ಇರಲಿಲ್ಲ. ಎರಡನೆಯವನು ರೊಟ್ಟಿ ಮೊಸರು ಎಂದ. ಮೂರನೆಯವನು ಬತ್ತಾಸು. ಐದನೆಯವನು ಬತ್ತಾಸು. ನಮ್ಮೂರಲ್ಲಿ ಬತ್ತಾಸು ಮಾರುವ ಅಂಗಡಿ ಇರಲಿಲ್ಲ. ನಾಲ್ಕನೆಯ ಬತ್ತಾಸಿಗೆ ಮಾಸ್ತರರು ತಲೆ ಎತ್ತಿ, ಹುಡುಗನನ್ನು ನೋಡದೆ, ನನ್ನನ್ನು ನೋಡಿದರು. ಮತ್ತೆ ತಲೆ ತಗ್ಗಿಸಿ ಬರೆದರು. ಎಲ್ಲವನ್ನೂ ಬರೆದರು. ಕೊನೆಯಲ್ಲಿದ್ದ ನದಾಫರ ಹುಡುಗ ಎದ್ದು ನಿಂತ. ಅದು ರಂಜಾನ್ ತಿಂಗಳು.

"ರೋಜಾ ಇದ್ದೀನ್ರಿ ಮಾಸ್ತರ್ರ. ಬತ್ತಾಸು ಕಿಸೇದಾಗ ಅದ. ಸಂಜಿಗಿ ತಿಂತೇನ್ರಿ."

"ಇರುವಿ ಹತ್ತೀತು ನೋಡ್ಕೋ," ಎಂದ ಮಾಸ್ತರರು ಅದನ್ನೂ ಹಾಗೆಯೇ ಬರೆದುಕೊಂಡರು.

ಆ ದಿನ ನನ್ನನ್ನು ಅವರು ಏನೂ ಕೇಳಲಿಲ್ಲ. ಮರುದಿನವೂ ಕೇಳಲಿಲ್ಲ.

ದಸರೆಯ ನಂತರ ಮೇಲಿನಿಂದ ಒಬ್ಬ ಸಾಹೇಬರು ಬಂದರು. ದಿನ್ನೆಯ ಮೇಲೆ ಬಾವುಟ ಕಂಡ ಸುದ್ದಿ ಅವರವರೆಗೆ ಹೋಗಿತ್ತು. ಅದರಲ್ಲಿ ಸೇರಿದ ಹುಡುಗರ ಹೆಸರು ಬರೆದುಕೊಡಿ ಎಂದರು. ಮಾಸ್ತರರು, ಆ ಶನಿವಾರ ಇಪ್ಪತ್ತೆಂಟೂ ಹುಡುಗರು ಹೊತ್ತಿಗೆ ಸರಿಯಾಗಿ ಶಾಲೆಯಲ್ಲಿದ್ದರು ಎಂದು ರಿಜಿಸ್ಟರು ತೋರಿಸಿದರು. ಅದು ಸತ್ಯವೇ ಆಗಿತ್ತು. ಸಾಹೇಬರು ಗದರಿದರು. ಇವರು, "ಪಟ್ಟಿ ಮಾಡೂದು ನನಗ ಬರಂಗಿಲ್ರಿ, ಪಾಠ ಮಾಡೂದಷ್ಟೇ ಬರ್ತದ," ಎಂದರು. ಹದಿನೈದು ದಿನದಲ್ಲಿ ವರ್ಗಾವಣೆಯ ಹುಕುಂ ಬಂತು: ಅಫಜಲಪುರ ತಾಲ್ಲೂಕಿನಲ್ಲಿ, ಸೊನ್ನದ ಹತ್ತಿರ, ಭೀಮಾ ನದಿಯ ದಂಡೆಯ ಒಂದು ಹಳ್ಳಿ. ಅಲ್ಲಿ ಶಾಲೆಗೆ ಮಾಡು ಕೂಡ ಇಲ್ಲವೆಂದು ಸಾಹೇಬರೇ ಹೇಳಿ ನಕ್ಕಿದ್ದರಂತೆ.

ಡಿಸೆಂಬರಿನಲ್ಲಿ ನಾನು ಅವರನ್ನು ನೋಡಲು ಹೋದೆ. ತಪ್ಪು ನನ್ನದು, ಶಿಕ್ಷೆ ಅವರದು ಎಂಬುದು ಮನಸ್ಸಿನಲ್ಲಿ ಕೊರೆಯುತ್ತಿತ್ತು. ಅವರು ನದಿಯ ಉಸುಕಿನಲ್ಲಿ ಎಳೆಬಿಸಿಲಿಗೆ ಬೆನ್ನು ಕೊಟ್ಟು ಕುಳಿತಿದ್ದರು. ಸುತ್ತ ಹತ್ತು ಹನ್ನೆರಡು ಹುಡುಗರು, ಉಸುಕಿನ ಮೇಲೆ ಬೆರಳಿನಿಂದ ಅಕ್ಷರ ಬರೆಯುತ್ತಿದ್ದರು.

"ಬರ್ರಿ ಬರ್ರಿ. ನೋಡ್ರಿ, ಪಾಟಿ ಬ್ಯಾಡ, ಬಳಪ ಬ್ಯಾಡ. ಬರದ್ದು ಬ್ಯಾಸರಾದ್ರ ಅಂಗೈಲೆ ಒರಸೂದು. ಇಷ್ಟು ದೊಡ್ಡ ಪಾಟಿ ಯಾವ ಸರ್ಕಾರ ಕೊಡ್ತದ್ರಿ?"

ಆ ಮಧ್ಯಾಹ್ನ ಅವರು ನದಿ ದಂಡೆಯ ಬದನೆಕಾಯಿಯ ಎಣಗಾಯಿ ಮಾಡಿ ಬಡಿಸಿದರು. ಈ ಮಣ್ಣಿನ ಬದನೆಗೆ ಬೀಜವೇ ಗೊತ್ತಾಗುವುದಿಲ್ಲ, ಆಳಂದದಲ್ಲಿ ಹತ್ತು ವರ್ಷ ವ್ಯರ್ಥ ಮಾಡಿದೆ ಎಂದರು. "ಅವರು ನನ್ನ ಇಲ್ಲಿಗೆ ಒಗದು ಶಿಕ್ಷಾ ಕೊಟ್ಟೇವಿ ಅಂತ ತಿಳಕೊಂಡಾರ. ಈ ಬದ್ನಿಕಾಯಿ ಸುದ್ದಿ ಅವರಿಗೆ ಗೊತ್ತಾಗಬಾರದು ನೋಡ್ರಿ, ಗೊತ್ತಾದ್ರ ತಾವೇ ಬಂದು ಕೂಡ್ತಾರ." ನಾನು ಬಾವುಟದ ಮಾತು ತೆಗೆಯಲು ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಅವರು ನನ್ನ ತಾಟಿಗೆ ಮತ್ತೊಂದು ಬದನೆಕಾಯಿ ಹಾಕಿದರು.

ಸಂಕ್ರಾಂತಿ ಕಳೆದು ಒಂದು ವಾರಕ್ಕೆ ಆಳಂದದ ಠಾಣೆಯಿಂದ ನನಗೆ ಕರೆ ಬಂತು. ಬೆಳಿಗ್ಗೆ ಹತ್ತರ ಸುಮಾರಿಗೆ ಹೋದೆ. ಠಾಣೆಯ ಮುಖ್ಯಸ್ಥರಾದ ಅಮೀನ ಸಾಹೇಬರ ಮೇಜಿನ ಮೇಲೆ ಆ ಹೊಲಿದ ವಹಿ ಇತ್ತು. ಗೋಡೆಯ ಪಕ್ಕ ನೆಲದ ಮೇಲೆ ಮಾಸ್ತರರು ಕುಳಿತಿದ್ದರು. ಅವರ ಖೋಲಿಯನ್ನು ಹುಡುಕಿದಾಗ ಸಿಕ್ಕಿದ್ದು ಅದೊಂದೇ ಬರಹವಂತೆ. ದಿನದಿನದ ತಾರೀಖು, ಸಾಲು ಸಾಲಾಗಿ ಹೆಸರು, ಹೆಸರಿನ ಮುಂದೆ ಒಂದೊಂದು ಮಾತು. ಗಡಿಯಾಚೆಯ ಹೋರಾಟಗಾರರ ಶಿಬಿರಗಳಿಗೆ ಕಳಿಸುವ ಗುಪ್ತ ಬರಹ ಇದು ಎಂದು ಅಮೀನರು ನಂಬಿದ್ದರು. ಅವರಿಗೆ ಕನ್ನಡ ಕೇಳಿದರೆ ತಿಳಿಯುತ್ತಿತ್ತು, ಓದಲು ಬರುತ್ತಿರಲಿಲ್ಲ. ಇಬ್ಬರೂ ಒಂದೇ ಶಾಲೆಯಲ್ಲಿದ್ದವರು, ಉರ್ದು ಬಲ್ಲವನು ಎಂದು ನನ್ನನ್ನು ಕರೆಸಿದ್ದರು. ಅವರು ಆಡಿದ್ದೆಲ್ಲ ಉರ್ದುವಿನಲ್ಲಿ, ಇಲ್ಲಿ ನಮ್ಮ ಮಾತಿನಲ್ಲಿ ಬರೆಯುತ್ತೇನೆ.

"ಓದು. ಒಂದೊಂದೇ ಹೆಸರು, ಒಂದೊಂದೇ ಮಾತು, ಉರ್ದುವಿನಲ್ಲಿ ಹೇಳು."

ಜೂನ್ ತಿಂಗಳಿನಿಂದ ಓದತೊಡಗಿದೆ. ರೊಟ್ಟಿ ಎರಡು, ಬೆಣ್ಣೆ. ಅವರು ತಡೆದರು. "ರೊಟ್ಟಿ ಎಂದರೆ ಏನು? ಬಂದೂಕೇ?"

"ರೊಟ್ಟಿ ಅಂದ್ರ ರೊಟ್ಟಿರಿ," ಎಂದು ಗೋಡೆಯ ಕಡೆಯಿಂದ ಮಾಸ್ತರರು ಹೇಳಿದರು. "ಬಂದೂಕು ತಿಂದವನು ಸಾಲಿಗಿ ಬರಂಗಿಲ್ರಿ."

ಪೊಲೀಸಿನವನೊಬ್ಬ ಅವರ ಬೆನ್ನಿಗೆ ಲಾಠಿಯ ತುದಿಯಿಂದ ತಿವಿದ. ನಾನು ಓದಿದೆ. ಪುಂಡಿಪಲ್ಲೆ. ಕಡ್ಲಿ ಉಸಳಿ. ಹೆಸರುಬೇಳೆ, ಹಾಲು ಕೆನೆ. ಪುಟದ ಮೇಲೆ ಪುಟ. ಪುಂಡಿಪಲ್ಲೆ ನಾಲ್ಕೈದು ಸಲ ಬಂದಾಗ ಅಮೀನರು ಕುರ್ಚಿಗೆ ಒರಗಿ, "ನನ್ನ ಅಮ್ಮಿ ಇದಕ್ಕೆ ಒಣ ಮೆಣಸಿನಕಾಯಿ ಒಗ್ಗರಣೆ ಹಾಕುತ್ತಿದ್ದಳು," ಎಂದರು. ಅದನ್ನು ಹೇಳುವಾಗ ಅವರ ಮುಖ ಬೇರೆಯೇ ಆಗಿತ್ತು. ಮರುಕ್ಷಣ ಅವರಿಗೇ ಅದು ಸರಿಬರಲಿಲ್ಲವೋ ಏನೋ, ನೇರವಾಗಿ ಕುಳಿತು ಹೇಳಿದರು: "ಸಾಕು. ಆಗಸ್ಟ್ ಹದಿನಾರರ ಪುಟ ತೆಗೆ. ಬಾವುಟ ಹಾರಿದ ದಿನದ್ದು."

ಎರಡು ಪುಟ ಒಟ್ಟಿಗೆ ತಿರುವಬಹುದೇ ಎಂದು ನೋಡಿದೆ. ತಾರೀಖುಗಳು ಇಂಗ್ಲಿಷ್ ಅಂಕಿಗಳಲ್ಲಿದ್ದವು, ಅವನ್ನು ಅವರೂ ಓದಬಲ್ಲವರಾಗಿದ್ದರು. ಪುಟ ತೆಗೆದೆ. ಮೊದಲ ಹೆಸರು ಓದಿದೆ. ಬತ್ತಾಸು ಎಂದೆ. ಎರಡನೆಯದು, ರೊಟ್ಟಿ ಮೊಸರು. ಮೂರನೆಯದು, ಬತ್ತಾಸು. ನಾಲ್ಕನೆಯದು, ಅಂಬಲಿ. ಐದನೆಯದು, ಬತ್ತಾಸು.

ಸುಳ್ಳು ಅನುವಾದ ಮಾಡಬಹುದಿತ್ತು. ರೊಟ್ಟಿ ಎಂದಿದ್ದರೆ ಅವರಿಗೆ ಗೊತ್ತಾಗುತ್ತಿರಲಿಲ್ಲ. ಇದು ನನಗೆ ಹೊಳೆದದ್ದು ಮೂರು ಹುಡುಗರ ಹೆಸರು ಬಾಯಿಂದ ಹೋದ ಮೇಲೆ. ನಾನು ನಿಂತುಬಿಟ್ಟೆ. ನಿಂತದ್ದೇ ತಪ್ಪಾಯಿತು. ಅಮೀನರು ಮುಂದಕ್ಕೆ ಬಾಗಿದರು.

"ಆ ಊರಿನಲ್ಲಿ ಬತ್ತಾಸು ಮಾರುತ್ತಾರೇನು?"

ನಾನು ಪುಟದ ಮೇಲೆ ಅಂಗೈ ಊರಿದೆ.

"ಬಾವುಟ ಹಾರಿದ ದಿನ, ಬತ್ತಾಸೇ ಸಿಗದ ಊರಿನಲ್ಲಿ, ಕೆಲವೇ ಹುಡುಗರು ಬೆಳಿಗ್ಗೆ ಬತ್ತಾಸು ತಿಂದು ಬಂದಿದ್ದಾರೆ. ಎಲ್ಲರ ಹೆಸರನ್ನೂ ಬೇರೆ ಕಾಗದಕ್ಕೆ ಬರೆ. ಯಾರು ಹಂಚಿದರು ಎಂದು ಅವರನ್ನೇ ಕೇಳೋಣ."

ಅವರನ್ನು ಹೇಗೆ ಕೇಳುತ್ತಾರೆಂದು ನನಗೆ ಗೊತ್ತಿತ್ತು. ಅದೇ ಠಾಣೆಯ ಹಿಂದಿನ ಅಂಗಳದಿಂದ ಆಗಾಗ ಹೊರಗಿನವರೆಗೂ ಕೂಗು ಕೇಳುತ್ತಿತ್ತು. ಹುಡುಗರಿಗೆ ಹತ್ತು, ಹನ್ನೊಂದು, ಹನ್ನೆರಡು ವರ್ಷ.

ಮಾಸ್ತರರು ಎದ್ದು ನಿಂತರು. "ಬತ್ತಾಸು ನಾ ಕೊಟ್ಟೀನ್ರಿ ಸಾಹೇಬ."

"ಯಾರಿಗೆ?"

"ಸಾಲಿಗಿ ಬಂದ ಇಪ್ಪತ್ತೆಂಟು ಮಂದಿಗೂ. ಕೆಲವರು ಅದನ್ನ ಹೇಳ್ಯಾರ, ಕೆಲವರು ಮನಿಯಾಗ ತಿಂದದ್ದು ಹೇಳ್ಯಾರ. ಅದರಾಗ ಏನೂ ಗುಟ್ಟಿಲ್ಲ."

"ಯಾಕೆ ಕೊಟ್ಟೆ?"

"ಖುಷಿ ಆಗಿತ್ತು."

"ಯಾಕೆ ಖುಷಿ?"

ದರ್ಗಾದ ಹರಕೆ ಎನ್ನಬಹುದಿತ್ತು, ಹಿರಿಯರ ಪುಣ್ಯತಿಥಿ ಎನ್ನಬಹುದಿತ್ತು. ಹಾಗೆ ಹೇಳಿದ್ದರೆ ಅಮೀನರು ನಂಬದೆ ಮತ್ತೆ ಹುಡುಗರ ಕಡೆಗೇ ತಿರುಗುತ್ತಿದ್ದರು. ನಂಬಿಸಬೇಕಾದರೆ ಅಪರಾಧವನ್ನೇ ಒಪ್ಪಬೇಕಿತ್ತು. ಇದನ್ನೆಲ್ಲ ಅವರು ಆ ಎರಡು ಉಸಿರಿನ ನಡುವೆ ಲೆಕ್ಕ ಹಾಕಿದರೋ, ಅಥವಾ ಮನಸ್ಸಿನಲ್ಲಿದ್ದದ್ದನ್ನೇ ಹೇಳಿದರೋ, ನನಗೆ ಇಂದಿಗೂ ತಿಳಿಯದು.

"ಹಿಂದಿನ ದಿನ ಗಡಿ ಆಚೆ ಮಂದಿಗಿ ಖುಷಿ ಆಗಿತ್ರಿ. ಗಾಳಿ ಆ ಕಡಿಂದ ಈ ಕಡಿಗೂ ಬೀಸ್ತದ. ನನಗೂ ಆತು."

"ಬಾವುಟ?"

"ಅದೂ ನಂದೇ."

ಅಮೀನರು ಎದ್ದು ಬಂದು ಮುಖಕ್ಕೆ ಹೊಡೆದರು. ರುಮಾಲು ಬಿತ್ತು. ಮಾಸ್ತರರು ಬಾಗಿ ಅದನ್ನು ಎತ್ತಿಕೊಂಡು, ಧೂಳು ಜಾಡಿಸಿ, ಸಾವಕಾಶವಾಗಿ ಸುತ್ತಿಕೊಂಡರು. ಬಾಯಿಯಿಂದ ರಕ್ತ ಬರುತ್ತಿತ್ತು. ಅದನ್ನು ತೋಳಿನಿಂದ ಒರೆಸಿ ಹೇಳಿದರು:

"ಖುಷಿ ಆಗಾಕ ಪರವಾನಿಗಿ ತಗೋಬೇಕು ಅಂತ ಯಾರೂ ನನಗ ಹೇಳಿದ್ದಿಲ್ರಿ. ಹೇಳಿದ್ರೂ ನಾ ತಗೋತಿದ್ದಿಲ್ಲ."

ಅಮೀನರು ನನ್ನ ಕಡೆ ತಿರುಗಿದರು. "ನೀನು ಆ ದಿನ ಶಾಲೆಯಲ್ಲಿದ್ದೆ. ಈತ ಹೇಳುವುದು ನಿಜವೇ?"

ಮಾಸ್ತರರು ನನ್ನನ್ನು ನೋಡಿದರು. ಆಗಸ್ಟಿನ ಆ ಬೆಳಿಗ್ಗೆ ನೋಡಿದ ಹಾಗೆಯೇ. ಕಣ್ಣಿನಲ್ಲಿ ಬೇಡಿಕೆ ಇರಲಿಲ್ಲ, ಹುಕುಂ ಇತ್ತು. ಅಲ್ಲ ಎಂದರೆ ಹುಡುಗರು. ನಾನೇ ಕೊಟ್ಟದ್ದು ಎಂದರೆ ನಾನು. ಮೂರನೆಯ ದಾರಿಯನ್ನು ಅವರು ನನಗೆ ತೆರೆದು ನಿಂತಿದ್ದರು. ನಾಲಿಗೆ ಹೊರಳಿದ್ದು ಆ ದಾರಿಗೇ.

"ಹೌದ್ರಿ," ಎಂದೆ.

ಬರೆದು ಸಹಿ ಹಾಕು ಎಂದರು. ಉರ್ದುವಿನಲ್ಲಿ ಆರು ಸಾಲು ಬರೆದು ಸಹಿ ಹಾಕಿದೆ. ಅಕ್ಷರ ಓರೆಯಾಗಲಿಲ್ಲ. ಅಂದಿನಿಂದ ನನಗೆ ಯಾವ ಊಟವೂ ರುಚಿಸಲಿಲ್ಲ. ಹನ್ನೊಂದು ಹುಡುಗರನ್ನು ಯಾರೂ ಮುಟ್ಟಲಿಲ್ಲ. ಮಾಸ್ತರರನ್ನು ಜೈಲಿಗೆ ಕಳಿಸಿದರು. ಅವರು ಹೊರಗೆ ಬಂದದ್ದು ಸೆಪ್ಟೆಂಬರಿನಲ್ಲಿ, ಹೈದರಾಬಾದು ಇಂಡಿಯಾಕ್ಕೆ ಸೇರಿದ ಮೇಲೆ.

ಬಿಡುಗಡೆಯಾದ ಮೇಲೆ ಅವರಿಗೆ ಜೇವರ್ಗಿಯಲ್ಲಿ ಕೆಲಸ ಕೊಟ್ಟರು. ಡಿಸೆಂಬರಿನಲ್ಲಿ ನಾನು ಅಲ್ಲಿಗೆ ಹೋದೆ. ಮುಂದಿನ ಎರಡು ಹಲ್ಲು ಇರಲಿಲ್ಲ, ಎಡಗೈ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಗಟ್ಟಿಯಾಗಿ ಒಣಗಿದ ಖಟಕ್ ರೊಟ್ಟಿಯನ್ನು ಹಾಲಿನಲ್ಲಿ ನೆನೆಯಿಟ್ಟು ಕಾಯುತ್ತ ಕುಳಿತಿದ್ದರು.

"ನಲವತ್ತೈದು ವರ್ಷ ಹಲ್ಲಿದ್ದು ಈ ರುಚಿ ಗೊತ್ತೇ ಆಗಿದ್ದಿಲ್ಲ ನೋಡ್ರಿ," ಎಂದರು. "ಅವಸರ ಮಾಡಿ ಕಡದು ಕಡದು ತಿಂದುಬಿಟ್ಟೆ."

ನಾನು ಒಂದು ಕಾಗದ ಬರೆದುಕೊಂಡು ಹೋಗಿದ್ದೆ. ಹೊಸ ಸರ್ಕಾರದ ಕಚೇರಿಯಲ್ಲಿ ಆ ಕಾಲದ ಸಂಗತಿಗಳನ್ನು ಬರೆಸಿಕೊಳ್ಳುತ್ತಿದ್ದರು. ಬಾವುಟ ಏರಿಸಿದವನು, ಬತ್ತಾಸು ಹಂಚಿದವನು ನಾನು, ಠಾಣೆಯಲ್ಲಿ ನಾನು ಬರೆದುಕೊಟ್ಟ ಸಾಕ್ಷಿ ಸುಳ್ಳು ಎಂದು ಅದರಲ್ಲಿ ಬರೆದಿದ್ದೆ. ನನ್ನೊಡನೆ ಇದ್ದ ಹನ್ನೊಂದು ಹುಡುಗರ ಹೆಸರನ್ನು, ಅವರಿಗೂ ಗೌರವ ಸಿಗಲೆಂದು, ಕೆಳಗೆ ಸಾಲಾಗಿ ಬರೆದಿದ್ದೆ. ಕಾಗದ ಕೊಟ್ಟೆ. ಕೊಡುವಾಗ ಅತ್ತೆ. ಅಳುವುದನ್ನು ಅವರು ತಡೆಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಓದಿ ಮುಗಿಸಿ ಕೇಳಿದರು:

"ಹುಡುಗರ ಹೆಸರು ಯಾಕ ಬರದೀರಿ?"

"ಅವರಿಗೂ ಹೆಸರು ಬರಲಿ ಅಂತ್ರಿ. ಈಗ ಹೆದರಿಕಿ ಇಲ್ಲಲ್ರಿ. ನಮ್ಮದೇ ಸರ್ಕಾರ."

"ಸರ್ಕಾರ ನಮ್ಮದೇ. ಪಟ್ಟಿ ಪಟ್ಟಿನೇ. ಇವತ್ತ ಹಾರ ಹಾಕಾಕ ಕೇಳ್ತಾರ, ನಾಳಿಗಿ ಯಾತಕ್ಕ ಕೇಳ್ತಾರೋ ನಿಮಗ ಗೊತ್ತೇನು? ದೊಡ್ಡವರಾಗಿ ಅವರೇ ಹೇಳ್ಕೊಂಡ್ರ ಹೇಳ್ಕೊಳ್ಳಿ. ನಾವ್ಯಾರು ಕೊಡಾಕ?"

ಪೆನ್ಸಿಲು ತೆಗೆದು ಒಂದೊಂದೇ ಹೆಸರನ್ನು ಹೊಡೆದರು. ಓದಲು ಬಾರದಷ್ಟು ಒತ್ತಿ ಹೊಡೆದರು. ತಮ್ಮ ಹೆಸರು ಬಂದ ಎರಡು ಕಡೆಯಲ್ಲೂ ಹೊಡೆದರು. ಕೊನೆಗೆ ನನ್ನ ಹೆಸರೊಂದೇ ಉಳಿಯಿತು.

"ಇದು ನಿಮ್ಮದು. ಇದನ್ನ ಹೊಡ್ಯಾಕ ನನಗ ಹಕ್ಕಿಲ್ಲ. ಒಯ್ದು ಕೊಡ್ರಿ."

"ನನ್ನ ಮ್ಯಾಲ ಸಿಟ್ಟಿಲ್ಲೇನ್ರಿ?"

"ಸಿಟ್ಟು ಅದರಿ," ಎಂದರು. "ಹೌದ್ರಿ ಅಂದದ್ದಕ್ಕಲ್ಲ. ಅವತ್ತ ಅದೇ ಅನಬೇಕಿತ್ತು. ಹನ್ನೊಂದು ಹುಡುಗರಿಗೆ ಹಂಚಿದ ಬತ್ತಾಸಿನಾಗ ಒಂದಾದ್ರೂ ನನಗ ಉಳಿಸಿ ತರಬೇಕಿತ್ತು ನೀವು. ಊರಿಗೆಲ್ಲ ಹಬ್ಬ ಮಾಡಿ ನನ್ನ ಬಿಟ್ರಿ."

ಇದನ್ನು ಅವರು ನಗುತ್ತ ಹೇಳಲಿಲ್ಲ. ನಾನು ಅವರನ್ನು ಹೇಡಿಯೆಂದು ತಿಳಿದು ದಿನ್ನೆಗೆ ಕರೆದಿರಲಿಲ್ಲ. ಅದು ಅವರಿಗೆ ಗೊತ್ತಿತ್ತು.

ಮರುದಿನ ಕಲಬುರಗಿಗೆ ಹೋಗಿ ಕಚೇರಿಯಲ್ಲಿ ಕಾಗದ ಕೊಟ್ಟೆ. ಗುಮಾಸ್ತನೊಬ್ಬ ಅದನ್ನು ತಿರುವಿ ಮುರುವಿ ನೋಡಿದ.

"ಏನ್ರಿ ಇದು, ಸುಳ್ಳು ಸಾಕ್ಷಿ ಹೇಳೀನಿ ಅಂತ ನೀವೇ ಬರದೀರಿ?"

"ಹೌದ್ರಿ."

"ಇಲ್ಲಿ ಹೊಡದ ಹೆಸರು ಯಾರವು?"

"ಹೇಳಂಗಿಲ್ರಿ."

"ಮರತೀರೇನು?"

"ಮರತಿಲ್ಲ. ಕೊಡಂಗಿಲ್ಲ."

"ಹೆಸರಿಲ್ಲಂದ್ರ ಇದು ದಾಖಲ್ ಆಗಂಗಿಲ್ರಿ. ನಿಮಗೂ ಏನೂ ಸಿಗಂಗಿಲ್ಲ. ಹೆಸರು ಕೊಟ್ರ ನಿಮ್ಮದೂ ಆಗ್ತದ, ಅವರದೂ ಆಗ್ತದ. ಸುಮ್ಮನ ಹಟ ಯಾಕ್ರಿ?"

ಆತ ಕೆಟ್ಟವನಾಗಿರಲಿಲ್ಲ. ಪೆನ್ನು ಮಸಿಯಲ್ಲಿ ಅದ್ದಿ ನಾನು ಹೇಳುವುದನ್ನೇ ಕಾಯುತ್ತಿದ್ದ. ಹನ್ನೊಂದೂ ಹೆಸರು ನನ್ನ ನಾಲಿಗೆಯ ಮೇಲಿದ್ದವು. ನಾನು ಕಾಗದವನ್ನು ಅವನ ಮೇಜಿನ ಮೇಲೆಯೇ ಬಿಟ್ಟೆ.

"ದಾಖಲ್ ಆಗೂದಿದ್ರ ನನ್ನದೊಂದೇ ಆಗ್ಲಿ. ಇಲ್ಲಂದ್ರ ಬಿಡ್ರಿ," ಎಂದು ಎದ್ದು ಬಂದೆ.

ಹೊರಗೆ ಬಿಸಿಲು. ಎದುರಿನ ಬೇವಿನ ಗಿಡದ ಕೆಳಗೆ ಒಬ್ಬ ಹೆಣ್ಣುಮಗಳು ಬುಟ್ಟಿಯಲ್ಲಿ ಬಾರಿಹಣ್ಣು ಇಟ್ಟುಕೊಂಡು ಕುಳಿತಿದ್ದಳು. ಒಂದು ಬೊಗಸೆ ತೆಗೆದುಕೊಂಡು ಅಲ್ಲಿಯೇ ನಿಂತು ತಿಂದೆ. ಮತ್ತೊಂದು ಬೊಗಸೆ ಕೇಳಿದೆ. ಮೂರನೆಯದನ್ನು ಕೇಳಿದಾಗ ಆಕೆ ಸೆರಗು ಬಾಯಿಗೆ ಹಿಡಿದು ನಕ್ಕಳು.

"ಏನ್ರೀ ಯಪ್ಪಾ, ಮುಂಜಾನಿಂದ ಉಂಡಿಲ್ಲೇನು?"

"ಹನ್ನೊಂದು ತಿಂಗಳಾತವ್ವ," ಎಂದೆ, ಮತ್ತು ಕೈ ಚಾಚಿದೆ.